ಹಾಡಿಗೆ ಮಾತು ಕೊಟ್ಟಾಕೆ

ಬೆಳಿಗ್ಗೆ ಒಗ್ಗರಣೆ ಹಾಕುವಾಗಲೋ, ಮಧ್ಯಾಹ್ನ ಅಕ್ಕಿ ಆರಿಸುವಾಗಲೋ ನಾವು ಗುನುಗಿಕೊಳ್ಳುವ ಹಾಡುಗಳು ಒಂದೇ ಎರಡೇ? ಹಾಡಿದವರು ಯಾರು ಅಂತ ಕೇಳಿದರೆ ಥಟ್ಟನೆ ಹೇಳುತ್ತೇವೆ. ಯಾವ ಚಿತ್ರ, ಯಾವ ನಾಯಕಿ, ಅವಳು ಉಟ್ಟಿದ್ದ ಸೀರೆಯ ಬಣ್ಣ ಯಾವುದು ಎಂಬುದೂ ನೆನಪಿರುತ್ತದೆ. ಸಂಗೀತ ಕೊಟ್ಟವರ ಹೆಸರು ಕೂಡ ಸ್ವಲ್ಪ ಯೋಚಿಸಿದರೆ ಬಂದೀತು. ಆದರೆ ಆ ಹಾಡಿನ ಮಾತು ಬರೆದವರು ಯಾರು? ಇಲ್ಲಿಗೆ ಬಂದಾಗ ನಮ್ಮಲ್ಲಿ ಬಹಳ ಜನ ಸುಮ್ಮನಾಗಿಬಿಡುತ್ತೇವೆ. ಊಟ ಬಹಳ ಚೆನ್ನಾಗಿತ್ತು ಎಂದು ಬಡಿಸಿದವರನ್ನು ಹೊಗಳಿ, ಒಳಗೆ ಒಲೆಯ ಮುಂದೆ ಬೆವರಿದವಳನ್ನು ಮರೆತುಬಿಡುವುದಿಲ್ಲವೇ, ಹಾಗೆ!

ಹೀಗೆ ಮಾತು ಬರೆದ ಒಬ್ಬ ಹೆಣ್ಣುಮಗಳ ವಿಷಯವನ್ನು ನಿಮಗೆ ಹೇಳಬೇಕೆಂದು ಬಹಳ ದಿನದಿಂದ ಆಸೆ. ಆಕೆ ನಮ್ಮವರಲ್ಲ. ದೂರದ ಅಮೆರಿಕದವರು. ಹೆಸರು ಡೊರೊಥಿ ಫೀಲ್ಡ್ಸ್. ನ್ಯೂಯಾರ್ಕ್ ನಗರದಲ್ಲಿ ಬ್ರಾಡ್‌ವೇ ಎಂಬ ರಸ್ತೆಯಿದೆ. ಅದರ ಆಸುಪಾಸಿನಲ್ಲಿ ಸಾಲುಸಾಲಾಗಿ ನಾಟಕ ಮಂದಿರಗಳು. ಅಲ್ಲಿ ಆಡುವ ಸಂಗೀತ ನಾಟಕಗಳಿಗೆ ಹಾಡು ಬರೆಯುವುದೇ ಈಕೆಯ ಕಸುಬು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, 1920ರ ದಶಕದ ಕೊನೆಯಿಂದ 1970ರ ದಶಕದವರೆಗೆ! ಒಟ್ಟು 400ಕ್ಕೂ ಹೆಚ್ಚು ಹಾಡುಗಳು.

ಕಂಪೆನಿ ನಾಟಕ ನೋಡಿದವರಿಗೆ ಸಂಗೀತ ನಾಟಕವೆಂದರೆ ಏನು ಎಂದು ವಿವರಿಸಬೇಕಾಗಿಲ್ಲ. ಪಾತ್ರಗಳು ಮಾತಾಡುತ್ತ ಮಾತಾಡುತ್ತ ಹಾಡಿಗೆ ಹೊರಳುತ್ತವೆ. ಬ್ರಾಡ್‌ವೇಯಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ಹಂಚಿಕೊಳ್ಳುತ್ತಾರೆ. ಕಥೆ, ಸಂಭಾಷಣೆ ಒಬ್ಬರದು. ರಾಗ ಸಂಯೋಜನೆ ಇನ್ನೊಬ್ಬರದು. ಹಾಡಿನ ಸಾಹಿತ್ಯ ಮತ್ತೊಬ್ಬರದು. ಅನೇಕ ಸಲ ರಾಗ ಮೊದಲು ಹುಟ್ಟುತ್ತದೆ, ಆಮೇಲೆ ಅದಕ್ಕೆ ಮಾತು ಕೂರಿಸಬೇಕು. ಇದರ ಕಷ್ಟ ನಿಮಗೆ ಗೊತ್ತಿಲ್ಲದ್ದೇನಲ್ಲ. ಮದುವೆ ಮನೆಯಲ್ಲಿ ಬೀಗರ ಹಾಡು ಕಟ್ಟುವಾಗ ಹಳೇ ಮಟ್ಟಿಗೆ ಹೊಸ ಮಾತು ಸೇರಿಸುತ್ತೇವಲ್ಲ, ಒಂದು ಅಕ್ಷರ ಹೆಚ್ಚಾದರೂ ನಾಲಿಗೆ ತೊಡರುತ್ತದೆ, ಒಂದು ಕಡಿಮೆಯಾದರೆ ಸುಮ್ಮನೆ ಎಳೆಯಬೇಕಾಗುತ್ತದೆ. ಎಳೆಯುವ ಜಾಗದಲ್ಲಿ ಬಾಯಿ ತೆರೆಯುವ ಸ್ವರ ಬೇಕು, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತು ಮುಗಿಯಬೇಕು. ಇಷ್ಟೆಲ್ಲ ಮಾಡಿಯೂ ಕೇಳಿದವರಿಗೆ 'ಅಯ್ಯೋ, ಇದು ನಾವೇ ಆಡುವ ಮಾತಲ್ಲವೇ' ಅನ್ನಿಸಬೇಕು. ನಾನೂ ನೆಂಟರ ಮದುವೆಗಳಿಗೆ ಅಂತ ಒಂದೆರಡು ಕಟ್ಟಿದವಳೇ. ಆದ್ದರಿಂದಲೇ ಡೊರೊಥಿಯವರ ಕೆಲಸ ನೋಡಿದಾಗ ನನಗೆ ಅಷ್ಟು ಬೆರಗು.

ಡೊರೊಥಿ ಹುಟ್ಟಿದ್ದು 1904ರಲ್ಲಿ, ನಾಲ್ವರು ಮಕ್ಕಳಲ್ಲಿ ಕಡೆಯವಳಾಗಿ. ತಂದೆ ಲ್ಯೂ ಫೀಲ್ಡ್ಸ್ ಪ್ರಖ್ಯಾತ ಹಾಸ್ಯನಟರು. 'ವೆಬರ್ ಮತ್ತು ಫೀಲ್ಡ್ಸ್' ಜೋಡಿ ರಂಗದ ಮೇಲೆ ಬಂದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಕಾಲವದು. ಮುಂದೆ ಅವರೇ ನಾಟಕಗಳ ನಿರ್ಮಾಪಕರೂ ಆದರು. ಮನೆ ತುಂಬ ನಾಟಕದ ಗಾಳಿಯೇ ಅಂದುಕೊಂಡಿರಾ? ಅಲ್ಲ! ರಂಗದಲ್ಲಿ ದುಡಿದು ಹೆಸರು ಮಾಡಿದ ಆ ತಂದೆಗೆ ತನ್ನ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಆ ದಾರಿ ತುಳಿಯುವುದು ಬೇಡವಾಗಿತ್ತು. ತಾಯಿಯೂ ಅಷ್ಟೆ. ನಿಮ್ಮಪ್ಪ ನಟ, ಆದ್ದರಿಂದ ಹೊರಗಿನವರ ಮುಂದೆ ನೀವು ಉಳಿದವರಿಗಿಂತ ಹೆಚ್ಚು ವಿನಯದಿಂದ ಇರಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದರಂತೆ. ನಾಟಕದವರೆಂದರೆ ಮೂಗು ಮುರಿಯುವುದು ನಮ್ಮಲ್ಲಿ ಮಾತ್ರ ಇತ್ತು ಎಂದುಕೊಳ್ಳಬೇಡಿ.

ಹುಡುಗಿಗೆ ನಟಿಯಾಗುವ ಆಸೆ. ಒಂದು ನಾಟಕ ತಂಡದಿಂದ ಅವಳಿಗೆ ಕಾಗದ ಬಂದಾಗ ಅದು ಅಪ್ಪನ ಕೈಗೆ ಸಿಕ್ಕಿ, ಅಲ್ಲೇ ಮಾಯವಾಯಿತು. ಶಾಲೆಯಲ್ಲಿ ಪಾಠ ಹೇಳುವ ಕೆಲಸ ಮಾಡಿದಳು. ಪತ್ರಿಕೆಗಳಿಗೆ ಪದ್ಯ ಕಳಿಸಿದಳು. ಕೊನೆಗೆ ಹಾಡು ಬರೆಯುತ್ತೇನೆಂದು ಹೊರಟಾಗ ಅಪ್ಪ, "ಮರ್ಯಾದಸ್ಥ ಹೆಂಗಸರು ನಾಟಕಕ್ಕೆ ಹಾಡು ಬರೆಯೋದಿಲ್ಲ" ಅಂದರಂತೆ. ಮಗಳು ಕೊಟ್ಟ ಉತ್ತರ ಇಂದಿಗೂ ಪ್ರಸಿದ್ಧ: "ನಾನು ಮರ್ಯಾದಸ್ಥ ಹೆಂಗಸಲ್ಲಪ್ಪ, ನಿಮ್ಮ ಮಗಳು!"

ಹೇಗಿದೆ ನೋಡಿ! ಎದುರು ವಾದಿಸಲಿಲ್ಲ, ಅಳಲಿಲ್ಲ, ಹಾಸ್ಯನಟನ ಮಗಳು ಹಾಸ್ಯದಲ್ಲೇ ಬಾಗಿಲು ತೆರೆದಳು.

ಹಾಡುಗಳನ್ನು ಅಚ್ಚು ಹಾಕಿ ಮಾರುವ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. 1927ರಲ್ಲಿ ರೂತ್ ಎಲ್ಡರ್ ಎಂಬ ತರುಣಿ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರ ದಾಟಲು ಹೊರಟಿದ್ದಳು. ಅವಳ ಮೇಲೆ ಕೂಡಲೇ ಒಂದು ಹಾಡು ಬೇಕಿತ್ತು. ಬರೆದುಕೊಟ್ಟರೆ 50 ಡಾಲರ್ ಎಂದರು. ಡೊರೊಥಿ ಒಂದೇ ರಾತ್ರಿಯಲ್ಲಿ ಬರೆದುಕೊಟ್ಟರು. ವಿಮಾನ ಸಮುದ್ರಕ್ಕೆ ಬಿತ್ತು. ಪುಣ್ಯಕ್ಕೆ ತರುಣಿಯನ್ನು ಹಡಗೊಂದು ಕಾಪಾಡಿತು. ಹಾಡು ಮಾತ್ರ ದಡ ಸೇರಲಿಲ್ಲ. ಆದರೆ 'ರಾತ್ರಿಗೆ 50 ಡಾಲರಿನ ಹುಡುಗಿ' ಎಂಬ ಅಡ್ಡಹೆಸರು ಬಂತು. ಬೇಕೆಂದಾಗ, ಹೇಳಿದ ವೇಳೆಗೆ ಬರೆದುಕೊಡುವವಳು ಎಂಬ ನಂಬಿಕೆಯೂ ಬೆಳೆಯಿತು.

ಅದೇ ವರ್ಷ ಸಂಗೀತಗಾರ ಜಿಮ್ಮಿ ಮ್ಯಾಕ್‌ಹ್ಯೂ ಅವರ ಜತೆ ಸೇರಿ ಹಾರ್ಲೆಮ್ಮಿನ ಕಾಟನ್ ಕ್ಲಬ್ಬಿಗೆ ಹಾಡು ಬರೆದರು. ಕಪ್ಪು ಜನಾಂಗದ ಕಲಾವಿದರು ಹಾಡಿ ಕುಣಿಯುವ, ಬಿಳಿಯರು ಮಾತ್ರ ಕುಳಿತು ನೋಡುವ ಜಾಗ ಅದು. ಮೊದಲ ರಾತ್ರಿ ಅಪ್ಪ, ಅಮ್ಮ, ಅಣ್ಣಂದಿರೆಲ್ಲ ಹೆಮ್ಮೆಯಿಂದ ಬಂದು ಕೂತಿದ್ದಾರೆ. ಗಾಯಕಿ ಹಾಡತೊಡಗಿದಳು. ಏನು ಹೇಳಲಿ, ಬಾಯಲ್ಲಿ ಬಂದದ್ದೆಲ್ಲ ಅಶ್ಲೀಲ ಮಾತುಗಳು! ಡೊರೊಥಿ ಬರೆದದ್ದು ಒಂದೂ ಅಲ್ಲ. ಅಪ್ಪನ ಮುಖ ಕೆಂಪಾಯಿತು. "ನಾನು ಬರೆದದ್ದಲ್ಲಪ್ಪ" ಎಂದಳು ಮಗಳು. ಅಪ್ಪ ಎದ್ದು ಹೋಗಿ ಕ್ಲಬ್ಬಿನ ಒಡೆಯನನ್ನು ಹಿಡಿದು, ಈ ಮಾತುಗಳು ತನ್ನ ಮಗಳವಲ್ಲ ಎಂದು ಎಲ್ಲರೆದುರು ಸಾರಿಸಿಯೇ ಬಿಟ್ಟರು. ಹಾಡು ಬರೆಯಬೇಡ ಅಂದಿದ್ದ ತಂದೆಯೇ ಮಗಳ ಮಾತಿನ ಮಾನ ಕಾಯಲು ನಿಂತದ್ದು!

ಮುಂದಿನ ವರ್ಷ, 1928ರಲ್ಲಿ, 'ಬ್ಲ್ಯಾಕ್‌ಬರ್ಡ್ಸ್' ಎಂಬ ಪ್ರದರ್ಶನ ಐನೂರಕ್ಕೂ ಹೆಚ್ಚು ಸಲ ನಡೆಯಿತು. ಅದರ ಒಂದು ಹಾಡು ಮನೆಮನೆಯ ಮಾತಾಯಿತು. ಆ ಹಾಡಿನ ಹಿಂದೆ ಅವರು ಹೇಳಿಕೊಂಡ ಕಥೆ ಹೀಗಿದೆ. ನ್ಯೂಯಾರ್ಕಿನ ಟಿಫನಿ ಎಂಬ ದೊಡ್ಡ ಒಡವೆ ಅಂಗಡಿಯ ಗಾಜಿನ ಮುಂದೆ ಒಂದು ಬಡ ಜೋಡಿ ನಿಂತಿತ್ತು. ಒಳಗೆ ಥಳಥಳಿಸುವ ಒಡವೆ, ಹೊರಗೆ ಖಾಲಿ ಜೇಬು. ನಾನು ಕೊಡಬಲ್ಲದ್ದು ಪ್ರೀತಿ ಬಿಟ್ಟು ಬೇರೇನೂ ಇಲ್ಲವೇ ಎಂಬರ್ಥದ ಒಂದು ಮಾತನ್ನು ಹುಡುಗ ಆಡಿದ. ಅದು ಈಕೆಯ ಕಿವಿಗೆ ಬಿತ್ತು. ನಮ್ಮ ನಿಮ್ಮ ಕಿವಿಗೂ ಇಂಥ ಮಾತು ಬೀಳುತ್ತಿರುತ್ತವೆ, ಬಸ್ಸಿನಲ್ಲಿ, ಸಂತೆಯಲ್ಲಿ, ನಲ್ಲಿಯ ಬಳಿ. ಡೊರೊಥಿ ಅದನ್ನು ಬಿಡದೆ ಹಿಡಿದಿಟ್ಟುಕೊಂಡರು.

ಆ ವರ್ಷ ಮುಗಿಯುವ ಮೊದಲೇ ಇನ್ನೊಂದು ಸೋಜಿಗ ನಡೆಯಿತು. ಡಿಸೆಂಬರಿನಲ್ಲಿ 'ಹಲೋ ಡ್ಯಾಡಿ' ಎಂಬ ಸಂಗೀತ ನಾಟಕ ಬ್ರಾಡ್‌ವೇಗೆ ಬಂತು. ಕಥೆ, ಸಂಭಾಷಣೆ ಅಣ್ಣ ಹರ್ಬರ್ಟ್ ಅವರದು. ಹಾಡುಗಳ ಮಾತು ಡೊರೊಥಿಯವರದು. ನಿರ್ಮಾಪಕ ಮತ್ತು ಮುಖ್ಯ ನಟ ಯಾರು ಗೊತ್ತೇ? ಸಾಕ್ಷಾತ್ ಅಪ್ಪ, ಲ್ಯೂ ಫೀಲ್ಡ್ಸ್!

1929ರಲ್ಲಿ ಅಮೆರಿಕದ ಷೇರು ಪೇಟೆ ಕುಸಿದು ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. 1930ರಲ್ಲಿ ಡೊರೊಥಿ ಬರೆದ ಒಂದು ಹಾಡು, ಚಿಂತೆಯನ್ನೆಲ್ಲ ಬಾಗಿಲ ಬಳಿ ಬಿಟ್ಟು ರಸ್ತೆಯ ಬಿಸಿಲಿರುವ ಬದಿಯಲ್ಲಿ ನಡೆ ಎಂಬ ಆಶಯದ್ದು, ಆ ಕಷ್ಟಕಾಲದ ಜನರಿಗೆ ಎಷ್ಟು ಧೈರ್ಯ ಕೊಟ್ಟಿರಬೇಡ! ಆಮೇಲೆ ಹಾಲಿವುಡ್ ಕರೆಯಿತು.

ಅಲ್ಲಿ ಜೆರೋಮ್ ಕರ್ನ್ ಎಂಬ ಮಹಾನ್ ಸಂಗೀತ ಸಂಯೋಜಕರ ಜೊತೆಗಾರಿಕೆ ಒದಗಿತು. ವಯಸ್ಸಿನಲ್ಲಿ ಬಹಳ ಹಿರಿಯರು, ಮುಂಗೋಪಿ ಎಂದು ಹೆಸರಾದವರು. ಆದರೆ ಡೊರೊಥಿಯ ಜತೆ ಅವರಿಗೆ ಒಳ್ಳೆಯ ಸ್ನೇಹ ಬೆಳೆಯಿತು. ಇಬ್ಬರೂ 1936ರ 'ಸ್ವಿಂಗ್ ಟೈಮ್' ಚಿತ್ರಕ್ಕೆ ಹಾಡುಗಳನ್ನು ಮಾಡಿದರು. 'ದಿ ವೇ ಯು ಲುಕ್ ಟುನೈಟ್' ಎಂಬ ಹಾಡಿನ ರಾಗವನ್ನು ಕರ್ನ್ ಮೊದಲ ಸಲ ಪಿಯಾನೋದಲ್ಲಿ ನುಡಿಸಿದಾಗ ಅಳು ತಡೆಯಲಾರದೆ ಡೊರೊಥಿ ಕೋಣೆಯಿಂದ ಹೊರಗೆ ಹೋಗಿಬಿಟ್ಟರಂತೆ.

ಈ ಹಾಡಿನ ದೃಶ್ಯವನ್ನು ಅಕ್ಕನ ಮಗಳು ತನ್ನ ಫೋನಿನಲ್ಲಿ ನನಗೆ ತೋರಿಸಿದಳು. ನಾಯಕ ಫ್ರೆಡ್ ಆಸ್ಟೇರ್ ಪಿಯಾನೋ ಮುಂದೆ ಕುಳಿತು, ಈ ರಾತ್ರಿ ನೀನು ಎಷ್ಟು ಚೆನ್ನಾಗಿ ಕಾಣುತ್ತಿದ್ದೀಯ ಎಂಬ ಭಾವದಲ್ಲಿ ಮೈಮರೆತು ಹಾಡುತ್ತಿದ್ದಾನೆ. ನಾಯಕಿ ಜಿಂಜರ್ ರಾಜರ್ಸ್ ಒಳಗಿನ ಕೋಣೆಯಲ್ಲಿ ತಲೆ ತೊಳೆಯುತ್ತಿದ್ದಾಳೆ. ಹಾಡಿಗೆ ಮನಸೋತು, ತಲೆ ತುಂಬ ಸೋಪಿನ ನೊರೆ ಮೆತ್ತಿಕೊಂಡೇ ಬಂದು ಅವನ ಹಿಂದೆ ನಿಲ್ಲುತ್ತಾಳೆ! "ಚಿಕ್ಕಮ್ಮ, ಎಣ್ಣೆನೀರಿನ ದಿನ ನಿಮ್ಮನ್ನ ಹೀಗೆ ಯಾರಾದರೂ ಹೊಗಳಿದಾರಾ?" ಅಂತ ಕೇಳಿದಳು ಆ ತುಂಟಿ. "ಹೊಗಳೋದಿರಲಿ, ಸೀಗೆಪುಡಿ ಕಣ್ಣಿಗೆ ಬಿದ್ದಾಗ ಒಂದು ಚೊಂಬು ನೀರು ಕೊಟ್ಟರೆ ಸಾಕಾಗಿತ್ತು ಕಣೇ" ಅಂದೆ. ಇಬ್ಬರೂ ನಕ್ಕೆವು. ಆದರೆ ಆ ದೃಶ್ಯ ನನಗೆ ಬಹಳ ಹಿಡಿಸಿತು. ಅಲಂಕಾರ ಮಾಡಿಕೊಂಡಾಗ ಹೊಗಳುವವರು ಬೇಕಾದಷ್ಟು ಜನ. ನೊರೆ ಮೆತ್ತಿದ ತಲೆಗೂ ಹೊಂದುವ ಹೊಗಳಿಕೆಯೇ ನಿಜವಾದದ್ದು, ಅಲ್ಲವೇ?

ಆ ಹಾಡಿಗೆ ಆಸ್ಕರ್ ಪ್ರಶಸ್ತಿ ಬಂತು. ಹಾಡಿಗಾಗಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಡೊರೊಥಿ ಫೀಲ್ಡ್ಸ್. ಅದೇ ಚಿತ್ರದಲ್ಲಿ ಇನ್ನೊಂದು ಹಾಡಿದೆ. ಪ್ರೀತಿ ಪ್ರೀತಿ ಅಂತಾರೆ, ಆದರೆ ಹತ್ತಿರ ಸುಳಿಯುವುದಿಲ್ಲ ಎಂದು ನಾಯಕಿ ನಾಯಕನನ್ನು ಹಂಗಿಸುವ ಹಾಡು. ಅಲ್ಲಿ ಹೋಲಿಕೆಗೆ ಡೊರೊಥಿ ಚಂದ್ರನನ್ನೂ ತಾವರೆಯನ್ನೂ ಕರೆಯಲಿಲ್ಲ. ನಿನ್ನೆಯ ತಣ್ಣಗಾದ ಆಲೂಗೆಡ್ಡೆಯನ್ನು ಕರೆದರು! ಮೊದಲಿನಿಂದ ಕೊನೆಯವರೆಗೆ ಇದೇ ಆಕೆಯ ಗುಟ್ಟು. ಅಡುಗೆಮನೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಜನ ಹೇಗೆ ಮಾತಾಡುತ್ತಾರೋ ಹಾಗೇ ಹಾಡಿನಲ್ಲೂ ಮಾತಾಡಿಸುವುದು. 'ಬಿದ್ದೆಯಾ? ಏಳು, ಮೈಮೇಲಿನ ಧೂಳು ಕೊಡವಿಕೋ' ಎಂಬ ತಿರುಳಿನ ಹಾಡೂ ಇದೇ ಚಿತ್ರದ್ದೇ. ಮಗು ಬಿದ್ದರೆ ಯಾವ ತಾಯಿ ಹೀಗೆ ಹೇಳುವುದಿಲ್ಲ? 2009ರಲ್ಲಿ ಬರಾಕ್ ಒಬಾಮ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಇದೇ ಮಾತಿನ ಧ್ವನಿ ಕೇಳಿಸಿತು. ಆ ಹಾಡು ಬಲ್ಲವರೆಲ್ಲ ಥಟ್ಟನೆ ಗುರುತು ಹಿಡಿದರು.

ಡೊರೊಥಿ ಸಂಸಾರವಂದಿಗರು. ಉಡುಪು ತಯಾರಿಕೆಯ ವ್ಯವಹಾರದಲ್ಲಿದ್ದ ಈಲೈ ಲಾಮ್ ಅವರನ್ನು ಎರಡನೆಯ ಮದುವೆಯಾಗಿ ನ್ಯೂಯಾರ್ಕಿನಲ್ಲಿ ನೆಲೆಸಿದರು. ಒಬ್ಬ ಮಗ, ಒಬ್ಬಳು ಮಗಳು. ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಕೇಳಿ. ಹೊಸ ನಾಟಕವೊಂದನ್ನು ಒಪ್ಪಿಕೊಂಡರೆ ಸುಮಾರು ಎಂಟು ವಾರ ಓದುವುದು, ಚರ್ಚಿಸುವುದು, ಟಿಪ್ಪಣಿ ಮಾಡಿಕೊಳ್ಳುವುದು. ಆಮೇಲೆ ದಿನವೂ ಬೆಳಿಗ್ಗೆ 8-30ರಿಂದ ಸಂಜೆ 4ರವರೆಗೆ ಬರವಣಿಗೆ. ಕವಿಗಳೆಂದರೆ ಸ್ಫೂರ್ತಿಗಾಗಿ ಮುಗಿಲು ನೋಡುತ್ತ ಕೂರುವವರು ಎಂದು ತಿಳಿದವರಿಗೆ ಇದು ವಿಚಿತ್ರವೆನಿಸೀತು. ಆದರೆ ಮನೆ ನಡೆಸುವ ನಮಗೆ ಹಾಗೆನಿಸದು. ಹಸಿವಾಗುವ ಹೊತ್ತಿಗೆ ಅನ್ನ ಆಗಿರಬೇಕು, ಮನಸ್ಸು ಬಂದಾಗ ಒಲೆ ಹಚ್ಚುತ್ತೇನೆ ಎಂದರೆ ನಡೆಯುತ್ತದೆಯೇ? ಆಕೆ ತನ್ನ ಕೆಲಸಕ್ಕೂ ಹಾಗೊಂದು ಹೊತ್ತು ಗೊತ್ತುಮಾಡಿಟ್ಟುಕೊಂಡಿದ್ದರು. ನಮ್ಮಲ್ಲಿ ಅನೇಕರು ಎಲ್ಲರ ಕೆಲಸಕ್ಕೂ ಹೊತ್ತು ಹೊಂದಿಸಿ, ನಮ್ಮ ಹಾಡಿಗೋ ಹೊಲಿಗೆಗೋ ಓದಿಗೋ 'ಹೊತ್ತು ಸಿಕ್ಕರೆ ನೋಡೋಣ' ಅನ್ನುತ್ತೇವೆ. ಸಿಗುವುದೇ ಇಲ್ಲ.

ಎರಡನೆಯ ಮಹಾಯುದ್ಧದ ಕಾಲ. ಕೋನಿ ಐಲೆಂಡಿನ ಜಾತ್ರೆಯಂಥ ಮನರಂಜನಾ ತಾಣದಲ್ಲಿ ಗುಂಡು ಹೊಡೆಯುವ ಆಟದಲ್ಲಿ ಬಹುಮಾನಗಳನ್ನೆಲ್ಲ ಬಾಚಿಕೊಂಡ ಒಬ್ಬ ಗುರಿಕಾರ ಸೈನಿಕನ ಸುದ್ದಿ ಡೊರೊಥಿಯ ಕಿವಿಗೆ ಬಿತ್ತು. ಒಡನೆಯೇ ಆನಿ ಓಕ್ಲಿ ನೆನಪಾದಳು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದೂಕಿನ ಗುರಿಯಲ್ಲಿ ಗಂಡಸರನ್ನು ಸೋಲಿಸಿದ ಹಳ್ಳಿಯ ಹುಡುಗಿ. ಅವಳ ಪಾತ್ರಕ್ಕೆ ಕಂಚಿನ ಕಂಠದ ಎಥೆಲ್ ಮರ್ಮನ್ನರೇ ಸರಿ! ಕಥೆ ಡೊರೊಥಿ ಮತ್ತು ಅಣ್ಣ ಹರ್ಬರ್ಟ್ ಬರೆಯುವುದು, ರಾಗ ಕರ್ನ್ ಅವರದು, ಹಾಡಿನ ಮಾತು ಡೊರೊಥಿಯದು ಎಂದು ಗೊತ್ತಾಯಿತು. ಅಷ್ಟರಲ್ಲಿ, 1945ರ ನವೆಂಬರಿನಲ್ಲಿ, ಕರ್ನ್ ತೀರಿಕೊಂಡರು. ಬದಲಿಗೆ ಇರ್ವಿಂಗ್ ಬರ್ಲಿನ್ ಬಂದರು. ಅವರದು ರಾಗವೂ ಸ್ವಂತ, ಮಾತೂ ಸ್ವಂತ. ಅವರು ಬರಬೇಕೆಂದರೆ ಡೊರೊಥಿ ಹಾಡು ಬಿಡಬೇಕು.

ತನಗೆ ಹೊಳೆದ ನಾಟಕ. ಅದರ ಹಾಡುಗಳೇ ಬೇರೆಯವರ ಪಾಲು! ನಾಟಕ ಚೆನ್ನಾಗಿ ಬರಲಿ ಎಂದು ಡೊರೊಥಿ ಒಪ್ಪಿಕೊಂಡರು. ಅಣ್ಣನ ಜತೆ ಕಥೆ ಮತ್ತು ಸಂಭಾಷಣೆ ಮಾತ್ರ ಬರೆದರು. 1946ರಲ್ಲಿ ಬಂದ 'ಆನಿ ಗೆಟ್ ಯುವರ್ ಗನ್' 1,147 ಪ್ರದರ್ಶನ ಕಂಡಿತು. ಇಂದಿಗೂ ಕೇಳಿದರೆ 'ಬರ್ಲಿನ್ ಅವರ ನಾಟಕ' ಎನ್ನುವವರೇ ಹೆಚ್ಚು. ಬಿಟ್ಟುಕೊಟ್ಟದ್ದು ಸರಿಯೇ ತಪ್ಪೇ? ನಾಟಕದ ದೃಷ್ಟಿಯಿಂದ ಸರಿ ಎಂದು ನನಗನಿಸುತ್ತದೆ. ಆದರೆ ಬಿಟ್ಟುಕೊಟ್ಟವರ ಹೆಸರನ್ನು ನಾವು ಮರೆಯುವುದು ಸರಿಯಲ್ಲ.

1958ನೇ ಇಸವಿ ಆಕೆಯ ಪಾಲಿಗೆ ಕೆಟ್ಟ ವರ್ಷ. 'ರೆಡ್‌ಹೆಡ್' ಎಂಬ ನಾಟಕದ ಕೆಲಸ ನಡೆದಿರುವಾಗಲೇ ಅಣ್ಣ ಹರ್ಬರ್ಟ್ ತೀರಿಕೊಂಡರು. ಅದೇ ವರ್ಷ ಗಂಡನೂ ಹೋದರು. ಜತೆಯಲ್ಲಿ ಬರೆದ ಅಣ್ಣ, ಜತೆಯಲ್ಲಿ ಬಾಳಿದ ಗಂಡ, ಇಬ್ಬರೂ ಇಲ್ಲ. ಡೊರೊಥಿ ಕೈಗೆತ್ತಿಕೊಂಡದ್ದನ್ನು ಮುಗಿಸಿದರು. 1959ರಲ್ಲಿ ಆ ನಾಟಕಕ್ಕೆ ಶ್ರೇಷ್ಠ ಸಂಗೀತ ನಾಟಕವೆಂದು ಟೋನಿ ಪ್ರಶಸ್ತಿ ಬಂತು. ಆಮೇಲೆ ಏಳು ವರ್ಷ ಬ್ರಾಡ್‌ವೇಯಲ್ಲಿ ಆಕೆಯ ಹೊಸ ನಾಟಕವಿಲ್ಲ. ಹಾಡಿನ ಲೋಕವೂ ಬದಲಾಗಿತ್ತು. ಹೊಸ ಹುಡುಗರು, ಹೊಸ ತಾಳ, ಹೊಸ ಕುಣಿತ. ಅವರ ಕಾಲ ಮುಗಿಯಿತು ಎಂದು ಜನ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಒಂದು ದಿನ ಯಾವುದೋ ಔತಣಕೂಟದಲ್ಲಿ ಸೈ ಕೋಲ್ಮನ್ ಎಂಬ ಸಂಯೋಜಕ ಸಿಕ್ಕರು. ವಯಸ್ಸಿನಲ್ಲಿ ಆಕೆಗಿಂತ 25 ವರ್ಷ ಚಿಕ್ಕವರು. ನನ್ನ ಜತೆ ಹಾಡು ಬರೆಯುತ್ತೀರಾ ಎಂದು ಹಿಂಜರಿಯುತ್ತಲೇ ಕೇಳಿದರು. ಡೊರೊಥಿ ಏನೆಂದರು ಗೊತ್ತೇ? "ಸದ್ಯ, ಯಾರಾದರೂ ಕೇಳಿದರಲ್ಲ!"

ಈ ಒಂದು ಮಾತು ಓದಿದಾಗ ನನ್ನ ಗಂಟಲು ಕಟ್ಟಿತು. ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಹೀಗೆ ಕೇಳುವವರಿಗಾಗಿ ಕಾದಿದ್ದಾರೋ! ಗಂಡ ಹೋದ ಮೇಲೆ, ಮಕ್ಕಳು ದೂರದೂರಿಗೆ ಹೋದ ಮೇಲೆ 'ಇನ್ನೇನಿದೆ ಅವರಿಗೆ, ರಾಮಾ ಕೃಷ್ಣಾ ಅಂತ ಇರಲಿ' ಅಂದುಬಿಡುತ್ತೇವೆ. ಆ ಕೈ ಇನ್ನೂ ಹೋಳಿಗೆ ತಟ್ಟಬಲ್ಲದು, ಆ ಕಂಠಕ್ಕೆ ಇನ್ನೂ ನೂರು ಹಾಡು ಬರುತ್ತವೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ.

ಕೋಲ್ಮನ್ ಮತ್ತು ಡೊರೊಥಿ ಸೇರಿ ಮಾಡಿದ 'ಸ್ವೀಟ್ ಚಾರಿಟಿ' 1966ರಲ್ಲಿ ರಂಗಕ್ಕೆ ಬಂತು. ಪದೇಪದೇ ಪ್ರೀತಿಸಿ ಮೋಸಹೋದರೂ ಮತ್ತೆ ಆಸೆ ಇಟ್ಟುಕೊಳ್ಳುವ ಒಬ್ಬ ನೃತ್ಯಶಾಲೆಯ ಹುಡುಗಿಯ ಕಥೆ. ಅಲ್ಲಿನ ಹುಡುಗಿಯರ ಗಡಸು ಮಾತು, ಅವರ ನಗೆ, ಅವರ ದಣಿವು ಎಲ್ಲವನ್ನೂ ಅರವತ್ತು ದಾಟಿದ ಈ ಹೆಂಗಸು ಅವರದೇ ಭಾಷೆಯಲ್ಲಿ ಬರೆದರು. ನಾಟಕ 608 ಪ್ರದರ್ಶನ ಕಂಡಿತು. 1971ರಲ್ಲಿ ಗೀತಕಾರರಿಗೂ ಸಂಯೋಜಕರಿಗೂ ಸಲ್ಲುವ ಅಮೆರಿಕದ ದೊಡ್ಡ ಗೌರವಕ್ಕೆ ಆಯ್ಕೆಯಾದರು. ಆ ವರ್ಷ ಆಯ್ಕೆಯಾದವರಲ್ಲಿ ಹೆಣ್ಣು ಅವರೊಬ್ಬರೇ. 1973ರಲ್ಲಿ ಮತ್ತೊಂದು ನಾಟಕ, 'ಸೀಸಾ'. 1974ರ ಮಾರ್ಚ್ 28ರಂದು ಡೊರೊಥಿ ತೀರಿಕೊಂಡರು. ಕೊನೆಯವರೆಗೂ ಕೆಲಸ ಬಿಟ್ಟವರಲ್ಲ. 1996ರಲ್ಲಿ ಅಮೆರಿಕ ಸರ್ಕಾರ ಆಕೆಯ ಚಿತ್ರದ ಅಂಚೆಚೀಟಿ ಹೊರಡಿಸಿತು.

ಅಂಚೆಚೀಟಿ ಎಲ್ಲರಿಗೂ ಬರುವುದಿಲ್ಲ ಬಿಡಿ. ಆದರೆ ನಮ್ಮ ಮನೆಗಳಲ್ಲೂ ಹಾಡು ಕಟ್ಟಿದವರಿದ್ದಾರೆ. ಆರತಿಗೆ, ಉರುಟಣೆಗೆ, ತೊಟ್ಟಿಲಿಗೆ, ಬೀಗರಿಗೆ. ನಿಮ್ಮ ಅಜ್ಜಿಯದೋ ಅತ್ತೆಯವರದೋ ಹಾಡಿನ ಪುಸ್ತಕ ಪೆಟ್ಟಿಗೆಯ ತಳದಲ್ಲಿದ್ದರೆ ಈ ಹಬ್ಬದೊಳಗೆ ಒಮ್ಮೆ ತೆಗೆಯಿರಿ. ಹಾಳೆಗಳನ್ನು ಬಿಸಿಲಿಗೆ ಹಿಡಿಯಿರಿ. ಯಾವ ಹಾಡು ಯಾರು ಕಟ್ಟಿದ್ದು ಅಂತ ಬಲ್ಲ ಹಿರಿಯರು ಇನ್ನೂ ಇದ್ದರೆ ಹತ್ತಿರ ಕೂತು ಕೇಳಿ, ಪ್ರತಿ ಹಾಡಿನ ಪಕ್ಕದಲ್ಲಿ ಆ ಹೆಸರನ್ನು ಬರೆದಿಡಿ. ಕೇಳುವಾಗ, "ಇನ್ನೊಂದು ಕಟ್ಟಿಕೊಡ್ತೀರಾ?" ಅಂತಲೂ ಕೇಳಿ ನೋಡಿ.